ಗೊಮ್ಮಿಯೇ ಮರದ ಬುಡದಲ್ಲಿ

ಎರಡು ದಿನ ಸೋಪು ಹಾಕಿ ತಿಕ್ಕಿದರೂ ಹೆಬ್ಬೆರಳಿನ ಅಂಟು ಹೋಗಲಿಲ್ಲ. ಕೊನೆಗೆ ಅಕ್ಕ, "ಕೊಬ್ಬರಿ ಎಣ್ಣೆ ಹಚ್ಚೇ" ಅಂದಳು. ಹಲಸಿನ ಹಣ್ಣು ಬಿಡಿಸುವಾಗ ಅಮ್ಮ ಮಾಡುತ್ತಿದ್ದದ್ದೂ ಅದೇ ಅಲ್ವಾ. ಎಣ್ಣೆ ಹಚ್ಚಿ ಒರೆಸಿದೆ, ಅಂಟು ಬಿಟ್ಟಿತು. ವಾಸನೆ ಮಾತ್ರ ಆಮೇಲೂ ಒಂದು ದಿನ ಬೆರಳಿನಲ್ಲೇ ಇತ್ತು. ದೇವರ ಮನೆಯ ಧೂಪದ ವಾಸನೆ.

ಆ ಅಂಟು ಹತ್ತಿದ್ದು ಡೊಮಿನಿಕಾದ ಕಾಡಿನಲ್ಲಿ. ಹೆಸರು ಕೇಳಿದ ಕೂಡಲೇ ಡೊಮಿನಿಕನ್ ರಿಪಬ್ಲಿಕ್ ಅಂದುಕೊಳ್ಳುವವರೇ ಜಾಸ್ತಿ. ಅದು ಬೇರೆ ದೇಶ. ಇದು ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಮತ್ತು ಮಾರ್ಟಿನೀಕ್ ದ್ವೀಪಗಳ ನಡುವೆ ಇರುವ ಪುಟ್ಟ ದ್ವೀಪ. ಉದ್ದಗಲ ಸೇರಿ ಸುಮಾರು 750 ಚದರ ಕಿಲೋಮೀಟರ್, ಜನ ಹೆಚ್ಚುಕಡಿಮೆ 70 ಸಾವಿರ. ಬ್ರಿಟಿಷರಿಂದ ಸ್ವತಂತ್ರವಾದದ್ದು 1978ರಲ್ಲಿ. ಇಲ್ಲಿಯ ಮೂಲ ಜನ ಕಲಿನಾಗೊಗಳು ಈ ದ್ವೀಪವನ್ನು ವೈಟುಕುಬುಲಿ ಅನ್ನುತ್ತಾರೆ. 'ಅವಳ ಮೈ ಎತ್ತರ' ಅಂತ ಅರ್ಥ. ವಿಮಾನದ ಕಿಟಕಿಯಿಂದ ನೋಡಿದಾಗಲೇ ಆ ಹೆಸರು ಎಷ್ಟು ಸರಿ ಅನ್ನಿಸಿತು. ಸಮುದ್ರ ಮುಗಿದ ಜಾಗದಲ್ಲೇ ಗುಡ್ಡ ಶುರು. ನಡುವೆ ಬಯಲು ಅಂತ ಏನೂ ಇಲ್ಲ.

ಅಕ್ಕನೂ ನಾನೂ ಇರುವುದು ಟೊರಾಂಟೊದಲ್ಲಿ. ಫೆಬ್ರವರಿಯ ಹಿಮಕ್ಕೆ ಬೇಸತ್ತು, ಒಂದು ವಾರ ಎಲ್ಲಾದರೂ ಹಸಿರು ನೋಡಿ ಬರೋಣ ಅಂತ ಹೊರಟಿದ್ದೆವು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಹಸಿರು ಅಂದರೆ ನಮಗೆ ಕಣ್ಣಿಗೆ ಮಾತ್ರ ಸಾಲದು, ಮೂಗಿಗೂ ಬೇಕು. ಒದ್ದೆ ಮಣ್ಣು, ಕೊಳೆತ ಎಲೆ, ಪಾಚಿ, ಎಲ್ಲ ಸೇರಿದ ಆ ವಾಸನೆ ಬೇಕು.

ಕಾಡಿನಲ್ಲಿ ನಡೆಯುವ ಹಿಂದಿನ ದಿನ ಸಂಜೆ ರಾಜಧಾನಿ ರೋಸೋದ ಸಸ್ಯೋದ್ಯಾನಕ್ಕೆ ಹೋಗಿದ್ದೆವು. ಅಲ್ಲಿ ಒಂದು ಹಳದಿ ಶಾಲಾ ಬಸ್ಸು ಅಪ್ಪಚ್ಚಿಯಾಗಿ ಬಿದ್ದಿದೆ. ಅದರ ಮೇಲೆ ಒಂದು ಬಾವೊಬಾಬ್ ಮರ. ನಮ್ಮ ಸವಣೂರಿನ ದೊಡ್ಡ ಹುಣಸೆ ಮರ ಇದೆಯಲ್ಲ, ಅದೇ ಜಾತಿ. 1979ರ ಆಗಸ್ಟ್‌ನಲ್ಲಿ ಡೇವಿಡ್ ಚಂಡಮಾರುತ ಬಂದಾಗ ಆ ಮರ ಬಸ್ಸಿನ ಮೇಲೆ ಉರುಳಿತು. ಪುಣ್ಯಕ್ಕೆ ಬಸ್ಸು ಖಾಲಿ ಇತ್ತು. ಆಮೇಲೆ ಬಸ್ಸನ್ನೂ ಎಳೆಯಲಿಲ್ಲ, ಮರವನ್ನೂ ತೆಗೆಯಲಿಲ್ಲ. ಬಿದ್ದ ಮರ ಮಲಗಿದಲ್ಲೇ ಚಿಗುರಿ ಇವತ್ತಿಗೂ ಬೆಳೆಯುತ್ತಿದೆ. ಅಕ್ಕ ಅದರ ಸುತ್ತ ಒಂದು ಸುತ್ತು ಹಾಕಿ, ಏನೂ ಮಾತಾಡದೆ ಬಂದು ನಿಂತಳು.

ಮಾರನೇ ದಿನ ಬೆಳಗ್ಗೆ ಏಳಕ್ಕೆಲ್ಲ ಲೌಡಾ ಎಂಬ ಹಳ್ಳಿ ದಾಟಿ ಟಿಟೂ ಗಾರ್ಜ್ ಹತ್ತಿರ ಇಳಿದೆವು. ಬಾಯ್ಲಿಂಗ್ ಲೇಕ್, ಅಂದರೆ ಕುದಿಯುವ ಕೆರೆಗೆ ದಾರಿ ಶುರುವಾಗುವುದು ಅಲ್ಲಿಂದ. ಹೋಗಿ ಬರಲು ಹದಿಮೂರು ಕಿಲೋಮೀಟರ್ ಆಸುಪಾಸು. ಓದಿದಾಗ ಇಷ್ಟೇನಾ ಅನ್ನಿಸುತ್ತದೆ. ಆದರೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಬೇಕು. ನಮ್ಮ ಗೈಡ್ ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ. ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಉದ್ದನೆಯ ಕತ್ತಿ. "ಇಲ್ಲಿ ವಿಷದ ಹಾವಿಲ್ಲ, ಹೆದರಬೇಡಿ. ಜಾರುವುದೊಂದೇ ಭಯ" ಅಂದರು. ಅಕ್ಕ ಆದರೂ ಹತ್ತು ನಿಮಿಷಕ್ಕೊಮ್ಮೆ ಪ್ಯಾಂಟು ಮೇಲೆತ್ತಿ ಕಾಲು ನೋಡಿಕೊಳ್ಳುತ್ತಿದ್ದಳು. ಅವಳು ನೋಡುತ್ತಿದ್ದದ್ದು ಇಂಬಳವನ್ನು. ಇಷ್ಟು ಒದ್ದೆ ಕಾಡಿನಲ್ಲಿ ಇಂಬಳ ಹತ್ತುವುದಿಲ್ಲ ಅಂದರೆ ಮಲೆನಾಡಿನವರು ನಂಬುವುದು ಕಷ್ಟ. ದಿನ ಮುಗಿದರೂ ಒಂದೂ ಹತ್ತಲಿಲ್ಲ.

ಈ ಕಾಡಿನ ಹೆಸರು ಮೋರ್ನ್ ತ್ರ್ವಾ ಪಿಟೋನ್ ರಾಷ್ಟ್ರೀಯ ಉದ್ಯಾನ. ಉದ್ಯಾನವಾದದ್ದು 1975ರಲ್ಲಿ, ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1997ರಲ್ಲಿ. ಅಟ್ಲಾಂಟಿಕ್‌ನಿಂದ ವರ್ಷವಿಡೀ ಬೀಸುವ ಗಾಳಿ ನೀರು ಹೊತ್ತು ತಂದು ಈ ಗುಡ್ಡಗಳಿಗೆ ಬಡಿಯುತ್ತದೆ. ಒಳಭಾಗದಲ್ಲಿ ಮಳೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಹತ್ತಿರ ಹತ್ತಿರ ನಮ್ಮ ಆಗುಂಬೆಯ ಲೆಕ್ಕ. ಆದರೆ ಆಗುಂಬೆಯಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆಯನ್ನು ಇಲ್ಲಿ ಇಡೀ ವರ್ಷಕ್ಕೆ ಹಂಚಿಟ್ಟಿದ್ದಾರೆ. ಫೆಬ್ರವರಿ ಇಲ್ಲಿ ಮಳೆ ಕಡಿಮೆ ಇರುವ ಕಾಲವಂತೆ. ನಮಗೆ ಮೊದಲ ಒಂದು ಗಂಟೆಯಲ್ಲೇ ಮೂರು ಸಲ ಮಳೆ ಬಂತು. ಬರುವುದೂ ಗೊತ್ತಾಗುವುದಿಲ್ಲ, ನಿಲ್ಲುವುದೂ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೂ ಎಲೆಗಳು ನೀರು ಸುರಿಸುತ್ತಲೇ ಇರುತ್ತವೆ.

ದಾರಿಗೆ ಅಡ್ಡಡ್ಡ ದಿಮ್ಮಿ ಇಟ್ಟು ಮೆಟ್ಟಿಲು ಮಾಡಿದ್ದಾರೆ. ಎರಡೂ ಕಡೆ ಆಳೆತ್ತರದ ಮರಜರಿಗಿಡ. ಎಲ್ಲೋ ದೂರದಲ್ಲಿ ಒಂದು ಹಕ್ಕಿ ಉದ್ದಕ್ಕೆ ಸಿಳ್ಳೆ ಹಾಕುತ್ತಿತ್ತು. ತುಕ್ಕು ಹಿಡಿದ ಗೇಟನ್ನು ಯಾರೋ ಬಹಳ ನಿಧಾನಕ್ಕೆ, ಬಹಳ ಪ್ರೀತಿಯಿಂದ ತೆಗೆದ ಹಾಗೆ. "ಸಿಫ್ಲೆ ಮೊಂಟಾನ್ಯ" ಅಂದರು ಗೈಡ್. ಬೆಟ್ಟದ ಸಿಳ್ಳೆಗಾರ. ಕೇಳಿಸುತ್ತದೆ, ಕಾಣುವುದು ಕಷ್ಟ. ದೇಶದ ಬಾವುಟದ ಮೇಲಿರುವ ಸಿಸೆರೂ ಗಿಳಿಯೂ ನಮಗೆ ಕಾಣಲಿಲ್ಲ. ಅದರ ಮನೆ ಜಾಸ್ತಿ ಉತ್ತರದ ಡಯಾಬ್ಲೋಟಿನ್ ಬೆಟ್ಟದ ಕಡೆ.

ಸ್ವಲ್ಪ ದೂರ ಹೋದ ಮೇಲೆ ಗೈಡ್ ಒಂದು ಮರದ ಹತ್ತಿರ ನಿಂತರು. ನೇರ ಕಾಂಡ, ಬೂದು ಬಣ್ಣದ ತೊಗಟೆ. ಎತ್ತರಕ್ಕೆ ಹೋಗಿ ಒಮ್ಮೆಲೇ ಮುಗಿದಿತ್ತು. ತಲೆಯೇ ಇಲ್ಲ. ಮುರಿದ ತುದಿಯ ಕೆಳಗಿನಿಂದ ಸುತ್ತಲೂ ಸಣ್ಣ ಕೊಂಬೆಗಳು ಗುಂಪುಗುಂಪಾಗಿ ಹೊರಟಿದ್ದವು. ತೊಗಟೆಯ ಗಾಯದಿಂದ ಬಿಳಿ ಅಂಟು ಇಳಿದು, ಉರಿದ ಮೇಣದಬತ್ತಿಯ ಹಾಗೆ ಗಟ್ಟಿಯಾಗಿತ್ತು.

"ಗೊಮ್ಮಿಯೇ" ಅಂದರು. "ಮುಟ್ಟಿ ನೋಡಿ."

ನಾನು ಹೆಬ್ಬೆರಳಿನಿಂದ ಒತ್ತಿದೆ. ಮೇಲೆ ಗಟ್ಟಿ, ಒಳಗೆ ಇನ್ನೂ ಹಸಿ. ಬೆರಳು ಅಂಟಿಕೊಂಡಿತು. ಮೂಗಿನ ಹತ್ತಿರ ತಂದೆ. ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಅದರಲ್ಲಿ ಅವರ ಸ್ವಂತ ಜಮೀನಿನ ಗೊಮ್ಮಿಯೇ ಅಂಟಿನ ಒಣ ತುಂಡುಗಳು. ಕಡಲೆಕಾಳಿನಷ್ಟು ಒಂದು ಚೂರನ್ನು ಕಲ್ಲಿನ ಮೇಲಿಟ್ಟು ಲೈಟರ್ ಹಿಡಿದರು. ಆ ಒದ್ದೆಯಲ್ಲೂ ಅದು ತಟ್ಟನೆ ಹತ್ತಿಕೊಂಡಿತು. ಕಪ್ಪು ಹೊಗೆ ಎದ್ದಿತು.

"ಅಯ್ಯೋ ಮಾರಾಯ್ತಿ, ರಾಳಧೂಪ ಕಣೇ ಇದು!" ಅಂದಳು ಅಕ್ಕ. ಅವಳ ಕಣ್ಣು ತುಂಬಿ ಬಂದಿತ್ತು. ಹೊಗೆಗೆ ಇರಬೇಕು ಅಂತ ನಾನು ಕೇಳಲು ಹೋಗಲಿಲ್ಲ.

ಇದು ಬರೀ ಹೋಲಿಕೆ ಅಲ್ಲ. ಪಶ್ಚಿಮ ಘಟ್ಟದ ರಾಳಧೂಪದ ಮರವೂ ಡೊಮಿನಿಕಾದ ಗೊಮ್ಮಿಯೇಯೂ ಒಂದೇ ಸಸ್ಯಕುಟುಂಬದವು. ಅರಬ್ ದೇಶಗಳ ಸಾಂಬ್ರಾಣಿ ಗಿಡವೂ ಅದೇ ಕುಟುಂಬ. ಇಲ್ಲಿಯ ಚರ್ಚುಗಳಲ್ಲಿ ಗೊಮ್ಮಿಯೇ ಅಂಟನ್ನು ಧೂಪಕ್ಕೆ ಬಳಸುತ್ತಾರೆ. ಹಿಂದೆ ಪಂಜಿಗೂ ಇದನ್ನೇ ಬಳಸುತ್ತಿದ್ದರು. ಕಲಿನಾಗೊಗಳು ಕಡಲಿಗಿಳಿಯುವ ದೋಣಿ ಮಾಡುವುದೂ ಈ ಮರದಿಂದಲೇ. ಒಂದೇ ದಿಮ್ಮಿಯನ್ನು ಒಳಗಿನಿಂದ ಕೊರೆಯುತ್ತಾರೆ. ಆಮೇಲೆ ಅದಕ್ಕೆ ನೀರು, ಕಲ್ಲು ತುಂಬಿ, ಬೆಂಕಿಯ ಕಾವು ಕೊಟ್ಟು ಪಕ್ಕಗಳನ್ನು ಮೆಲ್ಲಗೆ ಅಗಲ ಮಾಡುತ್ತಾರೆ. ಮರ ತಾನಾಗಿ ಬಾಗುವವರೆಗೆ ಕಾಯುವ ಕೆಲಸ ಅದು.

"ತಲೆ ಹೋದದ್ದು ಯಾವಾಗ?" ಅಂತ ಕೇಳಿದೆ.

"ಮರಿಯಾ" ಅಂದರು. ಅಷ್ಟೇ.

2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಈ ದ್ವೀಪದ ಮೇಲೆ ಬಂತು. ಐದನೇ ದರ್ಜೆ, ಅಂದರೆ ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಗಾಳಿಯ ವೇಗ ಗಂಟೆಗೆ 260 ಕಿಲೋಮೀಟರಿಗೂ ಜಾಸ್ತಿ. ಪ್ರಧಾನಿಯ ಮನೆಯ ಚಾವಣಿಯೂ ಹಾರಿಹೋಯಿತು. ಹತ್ತರಲ್ಲಿ ಒಂಬತ್ತು ಮನೆಗಳ ಚಾವಣಿಗೆ ಏಟು ಬಿತ್ತು. ಸತ್ತವರು, ಕಾಣೆಯಾದವರು ಸೇರಿ 65 ಜನ. ಒಟ್ಟು ನಷ್ಟ ಆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಜಾಸ್ತಿ. ಒಂದು ಮನೆಯವರು ಎರಡು ವರ್ಷ ದುಡಿದದ್ದೆಲ್ಲ ಒಂದೇ ರಾತ್ರಿ ಕೊಚ್ಚಿಹೋದ ಹಾಗೆ.

ನಡೆಯುತ್ತಾ ನಡೆಯುತ್ತಾ ಅವರು ಒಂದೊಂದೇ ಹೇಳಿದರು. ರಾತ್ರಿಯಿಡೀ ಮನೆಯವರೆಲ್ಲ ಬಚ್ಚಲು ಮನೆಯಲ್ಲಿ ಕೂತಿದ್ದರಂತೆ. ಬೆಳಗ್ಗೆ ಬಾಗಿಲು ತೆಗೆದರೆ ಗುಡ್ಡಗಳೆಲ್ಲ ಕಂದು ಬಣ್ಣ. ಬೆಂಕಿ ಬಿದ್ದ ಹಾಗೆ. ಒಂದು ಮರದಲ್ಲೂ ಎಲೆ ಇಲ್ಲ. "ಹುಟ್ಟಿದಾಗಿನಿಂದ ಕಾಣದ ಎದುರು ಗುಡ್ಡದ ಮನೆಗಳು ಅವತ್ತು ನಮ್ಮ ಅಂಗಳದಿಂದ ಕಂಡವು" ಅಂದರು. "ಹಕ್ಕಿ ಇಲ್ಲ, ಕಪ್ಪೆ ಇಲ್ಲ. ಆ ಮೌನ ಇದೆಯಲ್ಲ, ಗಾಳಿಗಿಂತ ಜಾಸ್ತಿ ಹೆದರಿಸಿದ್ದು ಅದು."

ಆಮೇಲೆ ಚಿಗುರು ಬಂತು. ಕೊಂಬೆಗಳೇ ಇರಲಿಲ್ಲ. ಹಾಗಾಗಿ ಕಾಂಡದ ಮೈಯಿಂದಲೇ ಬಂತು. ನಾವು ಬೆಳಗ್ಗೆಯಿಂದ 'ಎಷ್ಟು ಹಸಿರು, ಎಷ್ಟು ಹಸಿರು' ಅಂತ ನೋಡುತ್ತಾ ಬಂದದ್ದರಲ್ಲಿ ಬಹುಪಾಲು ಎಲೆ, ಕೊಂಬೆ ಆ ರಾತ್ರಿಯ ಈಚಿನವು. ಈಗ ಕಣ್ಣು ಬೇರೆ ಥರ ನೋಡಲು ಶುರುಮಾಡಿತು. ಎಲ್ಲಿ ನೋಡಿದರೂ ಮುರಿದ ತುದಿ, ಅದರ ಕೆಳಗೆ ಹೊಸ ಕೊಂಬೆ. ಬುಡಮೇಲಾಗಿ ಬಿದ್ದ ದಿಮ್ಮಿಯ ಉದ್ದಕ್ಕೂ ಪಾಚಿ, ಪಾಚಿಯ ಮೇಲೆ ಜರಿಗಿಡ, ಅದರ ನಡುವೆ ಯಾವುದೋ ಮರದ ಎರಡೆಲೆಯ ಸಸಿ. ನಾವು ಹಳೇ ಕಾಡು ನೋಡಲು ಬಂದಿದ್ದೆವು. ಇದು ಗಾಯ ಮಾಯುತ್ತಿರುವ ಕಾಡು.

ಏರು ದಾರಿಯಲ್ಲಿ ಒಂದು ಕಡೆ ನಾಲ್ಕೈದು ಗೊಮ್ಮಿಯೇ ಒಟ್ಟಿಗೆ ನಿಂತಿದ್ದವು. ಗೈಡ್ ಬಗ್ಗಿ ಕತ್ತಿಯ ತುದಿಯಿಂದ ಕಸ ಸರಿಸಿದರು. ಎರಡು ಮರಗಳ ಬೇರು ನೆಲದ ಮೇಲೆ ಒಂದನ್ನೊಂದು ದಾಟುವ ಜಾಗ. ದಾಟಿರಲಿಲ್ಲ, ಕೂಡಿಕೊಂಡಿದ್ದವು. ಎರಡು ಬೇರಿನ ತೊಗಟೆ ಒಂದೇ ಆಗಿತ್ತು. ಯಾವುದು ಯಾವ ಮರದ್ದು ಅಂತ ಬೆರಳಿಟ್ಟು ಹುಡುಕಿದರೂ ಗೊತ್ತಾಗಲಿಲ್ಲ. ಇದೇ ಮರ ಪೋರ್ಟೊ ರೀಕೋದಲ್ಲೂ ಇದೆ, ಅಲ್ಲಿ ಟಬೊನೂಕೊ ಅನ್ನುತ್ತಾರೆ. ಅಲ್ಲಿಯ ಕಾಡಿನಲ್ಲಿ ಇದನ್ನು ಸಂಶೋಧಕರು ಅಗೆದು ನೋಡಿದ್ದಾರೆ. ಬೆಟ್ಟದ ಏಣಿನ ಮೇಲೆ ಈ ಮರಗಳು ಗುಂಪಾಗಿ ಬೆಳೆಯುತ್ತವೆ, ಬೇರುಗಳು ಬೆಸೆದುಕೊಳ್ಳುತ್ತವೆ, ಕಲ್ಲನ್ನೂ ತಬ್ಬಿ ಹಿಡಿಯುತ್ತವೆ. ಚಂಡಮಾರುತ ಬಂದಾಗ ಹೀಗೆ ಬೆಸೆದುಕೊಂಡ ಮರಗಳು ಒಂಟಿ ಮರಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಕೊಂಬೆಗಳನ್ನು ಗಾಳಿಗೆ ಬಿಟ್ಟುಕೊಡುತ್ತವೆ, ಬುಡ ಬಿಡುವುದಿಲ್ಲ.

ನಾನು ಅಲ್ಲಿ ಬಹಳ ಹೊತ್ತು ಕೂತೆ. ನೆನಪಾದದ್ದು ಚಿಕ್ಕಪ್ಪ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಕಡೆಯೂ ಗುಡ್ಡ ಜಾರಿತು. ಚಿಕ್ಕಪ್ಪನ ಅಡಿಕೆ ತೋಟದ ಮೇಲಿನ ಬದಿ ಒಂದೇ ರಾತ್ರಿಯಲ್ಲಿ ಕೆಳಗೆ ಬಂತು. ಮನೆಗೂ ಮಣ್ಣಿಗೂ ನಡುವೆ ಉಳಿದದ್ದು ಒಂದು ಕೊಟ್ಟಿಗೆ. ಅದಕ್ಕೆ ಎರಡು ವರ್ಷ ಮೊದಲು ಆ ಬದಿಯ ಮರ ಕಡಿದು ಮಣ್ಣು ದಾರಿ ಮಾಡಿದ್ದರು. ಜೀಪು ಮೇಲಿನವರೆಗೆ ಹೋಗಲಿ ಅಂತ. ಆಗ ಎಲ್ಲರಿಗೂ ಅದು ಒಳ್ಳೆಯ ಕೆಲಸ ಅಂತಲೇ ಅನ್ನಿಸಿತ್ತು, ನನಗೂ. ಮರದ ಜೊತೆ ಅದರ ಬೇರು ಹಿಡಿದಿದ್ದ ಗುಡ್ಡವನ್ನೂ ಕಳೆದುಕೊಳ್ಳುತ್ತಿದ್ದೇವೆ ಅಂತ ಯಾರಿಗೂ ಹೊಳೆಯಲಿಲ್ಲ. ಈಗಲೂ ಜೋರು ಮಳೆ ಬಂದರೆ ಚಿಕ್ಕಪ್ಪ ರಾತ್ರಿ ಟಾರ್ಚ್ ಹಿಡಿದು ಜಗುಲಿಗೆ ಬರುತ್ತಾರೆ, ಗುಡ್ಡದ ಕಡೆ ಬೆಳಕು ಬಿಟ್ಟು ನೋಡುತ್ತಾರೆ. ಗೈಡ್‌ಗೆ ಇದನ್ನು ಹೇಳಿದೆ. ಅವರು ತಲೆ ಆಡಿಸಿದರು. "ನಾನೂ ಹಾಗೇ ಏಳುತ್ತೇನೆ. ಸೆಪ್ಟೆಂಬರ್ ಬಂದರೆ ನಿದ್ದೆ ಇಲ್ಲ" ಅಂದರು.

ಬ್ರೇಕ್‌ಫಾಸ್ಟ್ ರಿವರ್ ಅನ್ನುವ ತಣ್ಣನೆಯ ಹೊಳೆಯಲ್ಲಿ ಬಾಟಲಿ ತುಂಬಿಕೊಂಡೆವು. ಮುಂದೆ ಗಂಧಕದ ನೀರು ಬರುತ್ತದೆ, ಕುಡಿಯಲು ಒಳ್ಳೆಯ ನೀರು ಇದೇ ಕೊನೆ. ಅಲ್ಲಿಂದ ಮೋರ್ನ್ ನಿಕಲ್ಸ್ ಬೆಟ್ಟದ ನೆತ್ತಿಗೆ ಕಡಿದಾದ ಏರು. ಮರಗಳು ಹೋಗುತ್ತಾ ಹೋಗುತ್ತಾ ಗಿಡ್ಡವಾದವು, ಮೋಡ ಮೈಗೆ ತಾಗಿತು. ನೆತ್ತಿಯಲ್ಲಿ ಗಾಳಿ ನಿಲ್ಲಲು ಬಿಡಲಿಲ್ಲ. ಆಚೆ ಕಡೆ ಇಳಿದರೆ ನಿರ್ಜನ ಕಣಿವೆ, ಅವರು ಕರೆಯುವುದು ವ್ಯಾಲಿ ಆಫ್ ಡೆಸೊಲೇಶನ್ ಅಂತ.

ಕಾಡು ಅಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ನೆಲ ಬಿಳಿ, ಹಳದಿ, ಕಾವಿ ಬಣ್ಣ. ಅಲ್ಲಲ್ಲಿ ತೂತುಗಳಿಂದ ಉಗಿ ಬುಸುಗುಟ್ಟುತ್ತದೆ. ಒಂದು ತೊರೆ ಹಾಲಿನ ಹಾಗೆ, ಪಕ್ಕದ್ದು ಮಸಿ ಬಣ್ಣ. ಕೊಳೆತ ಮೊಟ್ಟೆಯ ವಾಸನೆ. ಗೈಡ್ ಮೊದಲು ತಾವು ಕಾಲಿಟ್ಟು, ಆಮೇಲೆ ಅದೇ ಹೆಜ್ಜೆಯ ಮೇಲೆ ನಮ್ಮನ್ನು ಕಾಲಿಡಿಸಿದರು. ನೆಲದ ಸಿಪ್ಪೆ ಕೆಲವು ಕಡೆ ತೆಳು, ಕೆಳಗೆ ಕುದಿಯುವ ಕೆಸರು. ಒಂದು ಬುಗ್ಗೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಮೊಟ್ಟೆ ಬೇಯಿಸಿ ಕೊಟ್ಟರು. ಈ ಉರಿಯಲ್ಲೂ ಬಂಡೆಯ ಸಂದಿಯಲ್ಲಿ ದಪ್ಪ ಎಲೆಯ ಗಿಡಗಳಿದ್ದವು. ಉಗಿ ಬಡಿಯದ ಒಂದು ಮೊಳ ಜಾಗ ಸಿಕ್ಕರೂ ಹಸಿರು ಬಿಟ್ಟಿರಲಿಲ್ಲ.

ಇನ್ನೂ ಮುಕ್ಕಾಲು ಗಂಟೆ ನಡೆದು ಕೆರೆಯ ದಂಡೆ ತಲುಪಿದೆವು. ಏನೂ ಕಾಣಲಿಲ್ಲ. ಬರೀ ಬಿಳಿ ಉಗಿ. ಆದರೆ ಶಬ್ದ ಕೇಳುತ್ತಿತ್ತು. ಮದುವೆ ಮನೆಯ ದೊಡ್ಡ ಹಂಡೆಯಲ್ಲಿ ಅನ್ನದ ಎಸರು ಕುದಿಯುವಾಗ ಬರುತ್ತದಲ್ಲ, ಆ ಕೊತಕೊತ. ಬಂಡೆಯ ಮೇಲೆ ಕೂತು ಕಾದೆವು. ಇಪ್ಪತ್ತು ನಿಮಿಷ ಆಗಿರಬೇಕು. ಒಂದು ಗಾಳಿ ಬಂದು ಉಗಿಯನ್ನು ಪಕ್ಕಕ್ಕೆ ತಳ್ಳಿತು. ಕೆಳಗೆ ಬೂದು ನೀಲಿ ನೀರು, ನಡುವೆ ಉಬ್ಬಿ ಉಬ್ಬಿ ಕುದಿಯುತ್ತಿದೆ. ಸುತ್ತ ಕಡಿದಾದ ಗೋಡೆ. ಒಂದು ದಡದಿಂದ ಇನ್ನೊಂದಕ್ಕೆ ಸುಮಾರು ಅರವತ್ತು ಮೀಟರ್. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

1875ರಲ್ಲಿ ಇಲ್ಲಿಗೆ ಬಂದವರು ದಡದ ನೀರಿನ ಬಿಸಿ ಅಳೆದಾಗ 82ರಿಂದ 91 ಡಿಗ್ರಿ ಸಿಕ್ಕಿತ್ತು. ನಡುವಿನದನ್ನು ಅಳೆಯಲು ಹತ್ತಿರ ಹೋಗುವ ಹಾಗೇ ಇರಲಿಲ್ಲ. ಭೂಮಿಯೊಳಗಿನ ಕಾದ ಶಿಲೆಯಿಂದ ಅನಿಲ, ಆವಿ ಏಳುವ ಬಾಯಿಯ ಮೇಲೆ ಮಳೆ ನೀರು, ತೊರೆ ನೀರು ತುಂಬಿ ಆದ ಕೆರೆ ಇದು. ಕೆಳಗಿನಿಂದ ನುಗ್ಗುವ ಆವಿಯೇ ನೀರನ್ನು ಎತ್ತಿ ಹಿಡಿದಿರುತ್ತದೆ. ಆ ನುಗ್ಗಾಟ ತಪ್ಪಿದರೆ ನೀರು ಇಳಿದುಹೋಗುತ್ತದೆ. 2004ರ ಕೊನೆಯಲ್ಲಿ ಹಾಗೇ ಆಯಿತು. ಕೆರೆ ಬರಿದಾಯಿತು, ಕೆಲವೇ ತಿಂಗಳಲ್ಲಿ ಮತ್ತೆ ತುಂಬಿ ಕುದಿಯತೊಡಗಿತು.

ಎರಡೇ ನಿಮಿಷ. ಮತ್ತೆ ಉಗಿ ಮುಚ್ಚಿಕೊಂಡಿತು.

ನಾವು ಹೋದಾಗ ಈ ಕೆರೆಗೆ ಕೇಬಲ್ ಕಾರ್ ಕಟ್ಟುತ್ತಿದ್ದರು. ವಯಸ್ಸಾದವರು, ಕಾಲು ನೋವಿರುವವರು ಬಂದು ನೋಡಬಹುದು, ಊರಿಗೆ ದುಡ್ಡು ಬರಬಹುದು ಅಂದರು ಗೈಡ್. ಚಂಡಮಾರುತ ತಿಂದುಹಾಕಿದ ದೇಶಕ್ಕೆ ದುಡ್ಡು ಬೇಕು, ಅದನ್ನು ಟೊರಾಂಟೊದಿಂದ ಬಂದ ನಾನು ಬೇಡ ಅನ್ನಲಾರೆ. ಆದರೂ ಮನಸ್ಸು ಒಪ್ಪಲಿಲ್ಲ. ಮೇಲಿನಿಂದ ತೇಲಿ ಬಂದಿದ್ದರೆ ಕೆರೆ ಕಾಣುತ್ತಿತ್ತು. ಬೇರು ಕೂಡಿದ ಜಾಗ ಕಾಣುತ್ತಿರಲಿಲ್ಲ. ನನಗೆ ಈಗ ಕಣ್ಣು ಮುಚ್ಚಿದರೆ ಮೊದಲು ಬರುವುದು ಅದೇ.

ವಾಪಸ್ ದಾರಿ ಬೇಗ ಮುಗಿಯಿತು, ಮಂಡಿ ಮಾತ್ರ ನಡುಗುತ್ತಿತ್ತು. ಟಿಟೂ ಗಾರ್ಜ್‌ನಲ್ಲಿ ಬಟ್ಟೆ ಸಮೇತ ನೀರಿಗಿಳಿದೆವು. ಎರಡು ಬಂಡೆಗೋಡೆಗಳ ನಡುವಿನ ಕಿರಿದಾದ ನೀರಿನ ಓಣಿ, ಈಜಿಕೊಂಡು ಒಳಗೆ ಹೋದರೆ ಒಂದು ಪುಟ್ಟ ಜಲಪಾತ. ಮೈ ಮರಗಟ್ಟುವಷ್ಟು ತಣ್ಣಗಿತ್ತು. ದಿನದ ಗಂಧಕವೆಲ್ಲ ಅಲ್ಲಿ ಬಿಟ್ಟೆವು, ಹೆಬ್ಬೆರಳಿನ ಅಂಟೊಂದು ಬಿಟ್ಟು.

ರಾತ್ರಿ ನಾವಿದ್ದ ಮನೆಯಾಕೆ ಕಲ್ಲಾಲೂ ಸೂಪ್ ಕೊಟ್ಟರು. ದಟ್ಟ ಹಸಿರು, ತೆಂಗಿನಹಾಲು ಹಾಕಿದ್ದು. ಒಂದು ಚಮಚ ಬಾಯಿಗಿಟ್ಟ ಕೂಡಲೇ ಅಕ್ಕ ನನ್ನ ಮುಖ ನೋಡಿದಳು. ಕೆಸುವಿನ ಎಲೆ! ಇಲ್ಲಿ ಡ್ಯಾಶೀನ್ ಅನ್ನುತ್ತಾರೆ. ನಮ್ಮಲ್ಲಿ ಪತ್ರೊಡೆ ಮಾಡುವ ಅದೇ ಕೆಸು. ಹುಳಿ ಹಾಕದೆ ಗಂಟಲು ತುರಿಸದ ಹಾಗೆ ಹೇಗೆ ಮಾಡುತ್ತೀರಿ ಅಂತ ಅಕ್ಕ ಕೇಳಿದಳು. ಚೆನ್ನಾಗಿ, ಬಹಳ ಹೊತ್ತು ಬೇಯಿಸಬೇಕು ಅಂದರು ಆಕೆ. ಇಬ್ಬರೂ ಅರ್ಧ ಗಂಟೆ ಅದನ್ನೇ ಮಾತಾಡಿದರು.

ಮಲಗುವ ಮುಂಚೆ ಅಮ್ಮನಿಗೆ ಫೋನ್ ಮಾಡಿದೆವು. ಊರಲ್ಲಿ ಆಗ ಬೆಳಗಿನ ಜಾವ, ಅಮ್ಮ ಒಲೆ ಹಚ್ಚುತ್ತಿದ್ದಳು. ನಾವು ಕೆರೆಯ ಕಥೆ ಹೇಳಿದೆವು, ಉಗಿಯ ಕಥೆ ಹೇಳಿದೆವು. ಅವಳು ಹೂಂ ಹೂಂ ಅಂತ ಕೇಳಿ, ಕೊನೆಗೆ, "ಮಳೆ ಹೆಂಗಿದೆ ಅಲ್ಲಿ? ಗುಡ್ಡ ಗಿಡ್ಡ ಜಾರಲ್ಲ ತಾನೆ?" ಅಂದಳು.

ಅಕ್ಕ ಗೊಮ್ಮಿಯೇ ಬೇರಿನ ಬಗ್ಗೆ ಹೇಳಿದಳು. ಎರಡು ಕೈಯ ಬೆರಳು ಒಂದರೊಳಗೊಂದು ಸೇರಿಸಿ ಕ್ಯಾಮೆರಾಕ್ಕೆ ತೋರಿಸಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿನ್ನ ಚಿಕ್ಕಪ್ಪಂಗೆ ಹೇಳ್ತೀನಿ" ಅಂದಳು. "ಇಲ್ಲಿ ಆಗ್ಲೇ ಸೆಖೆ ಶುರು ಆಯ್ತು. ಮಳೆ ಶಬ್ದ ಕೇಳಿ ಎಷ್ಟು ದಿನ ಆಯ್ತೋ."

ಹೊರಗೆ ತಗಡಿನ ಮೇಲೆ ಅಷ್ಟರಲ್ಲಿ ಮತ್ತೆ ಮಳೆ ಬಿದ್ದಿತ್ತು. ಅಕ್ಕ ಎದ್ದು ಹೋಗಿ ಫೋನನ್ನು ಕಿಟಕಿಯ ಹೊರಗೆ ಹಿಡಿದಳು.